ಕಾಯಿ ಅಂದಳು ತಾಯಿ

ಎರಡಕ್ಷರದ ಪದವೊಂದನ್ನು ತಪ್ಪಾಗಿ ಓದಿಕೊಂಡು ಕಾಲು ಮುರಿದುಕೊಂಡ ಕನ್ನಡ ಮೇಷ್ಟ್ರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕಿಗೂ ಸೇರಿ ನಾನೊಬ್ಬನೇ ಇರಬೇಕು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ನಾಮಪದ, ಕ್ರಿಯಾಪದ, ವಿಧ್ಯರ್ಥ, ನಿಷೇಧಾರ್ಥ ಅಂತ ಮಕ್ಕಳ ಕಿವಿ ಹಿಂಡಿದವನು. ಆ ಮಕ್ಕಳ ಶಾಪವೇ ಇದು ಅನ್ನುತ್ತಾಳೆ ನಮ್ಮನೆಯಾಕೆ. ಒಳ್ಳೆಯದು ಕೆಟ್ಟದ್ದು ಏನಾದರೂ ದೇವರ ಲೆಕ್ಕಕ್ಕೆ ಬರೆಯುವವಳು, ಇದೊಂದನ್ನು ಮಾತ್ರ ನನ್ನ ಲೆಕ್ಕಕ್ಕೇ ಬರೆದಿದ್ದಾಳೆ.

ಹಾಗಂತ ನಾನು ದೇವರನ್ನು ನಂಬದವನೇನಲ್ಲ. ದೇವರ ಮೇಲೆ ಭಾರ ಹಾಕುವ ಮುಂಚೆ ಬೀರುವಿನ ಮೇಲೆ ಹಾಕುವವನು, ಅಷ್ಟೆ. ನಮ್ಮ ನಡುಮನೆಯ ಹಸಿರು ಬೀರುವಿನ ಮೇಲಿನ ಅರೆಯಲ್ಲಿ ಎರಡು ವಿಮೆ ಪಾಲಿಸಿ, ಒಂದು ಠೇವಣಿ ಬಾಂಡು, ತೋಟದ ಪಹಣಿ, ನನ್ನ ಪಿಂಚಣಿ ಪುಸ್ತಕ. ಅದರ ಕೆಳಗಿನ ಅರೆಯಲ್ಲಿ, ಹತ್ತು ವರ್ಷದ ಹಿಂದೆ ರಾತ್ರೋರಾತ್ರಿ ಊರು ಬಿಟ್ಟವನ ಚೀಟಿ ಪುಸ್ತಕ. ಅದನ್ನೂ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದೇನೆ, ದುಡ್ಡು ಹೋದರೂ ದಾಖಲೆ ಹೋಗಬಾರದು. ಬೀರುವಿನ ನೆತ್ತಿಯ ಮೇಲೆ ಒಂದು ಗಣಪತಿ ಫೋಟೋ. ಕಳ್ಳ ಬಂದರೆ ಗಣಪತಿ ನೋಡಿಕೊಳ್ಳುತ್ತಾನೆ ಎಂಬ ಭರವಸೆಯಿಂದ ಇಟ್ಟದ್ದು ಅಂದುಕೊಂಡೀರಿ. ಫೋಟೋ ನೋಡಿ ಕಳ್ಳ ಇದು ದೇವರ ಮನೆ ಅಂದುಕೊಂಡು ಮುಂದೆ ಹೋಗಲಿ ಅಂತ ಇಟ್ಟದ್ದು.

ನಮ್ಮನೆಯಾಕೆಗೆ ಬೀರು ಇಲ್ಲ. ಸೆರಗಿನ ತುದಿಯ ಗಂಟು, ದೇವರ ಗೂಡಿನಲ್ಲಿ ಅರಿಶಿನ ಬಟ್ಟೆಯ ಮುಡಿಪು, ಇವೆರಡೇ ಅವಳ ಖಜಾನೆ. "ಅಮ್ಮ ಅವ್ಳೆ ಬಿಡ್ರಿ" ಅನ್ನುವುದು ಅವಳ ಏಕೈಕ ಪಾಲಿಸಿ. ಕಂತು ಇಲ್ಲ, ಅವಧಿ ಇಲ್ಲ, ನಾಮಿನಿಯೂ ಇಲ್ಲ.

ನಮ್ಮಿಬ್ಬರ ಈ ಜಟಾಪಟಿ ಕೊಳವೆಬಾವಿ ಕೊರೆಸುವಾಗಲೇ ಶುರುವಾಗಿತ್ತು. ನಮ್ಮ ಕಡೆ ನೀರು ತೋರಿಸುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲಿ ಓಡಾಡುತ್ತಾರೆ. ಕೆಳಗೆ ನೀರಿದ್ದ ಕಡೆ ಮಲಗಿದ ಕಾಯಿ ಎದ್ದು ನಿಲ್ಲುತ್ತದೆ ಅಂತ ನಂಬಿಕೆ. ಅವಳು ಅವರನ್ನು ಕರೆಸು ಅಂದಳು. ಇಪ್ಪತ್ತೊಂದನೇ ಶತಮಾನ ಕಣೇ ಅಂತ ನಾನು ನೆಲಕ್ಕೆ ಕಡ್ಡಿ ನೆಟ್ಟು ವೈರು ಎಳೆಯುವ ಯಂತ್ರದವನನ್ನು ಕರೆಸಿದೆ. ಅವನು ಗೆರೆ ಎಳೆದು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ನೀಲಿ ಇದ್ದ ಕಡೆ ಬೆರಳಿಟ್ಟ. 720 ಅಡಿಗೆ ಧೂಳು ಬಂತು. ಮುಖ ಸಣ್ಣದು ಮಾಡಿಕೊಂಡು ಎರಡನೇ ಸಲಕ್ಕೆ ತೆಂಗಿನಕಾಯಿಯವರನ್ನೇ ಕರೆಸಿದೆ. ಕಾಯಿ ಜೋರಾಗಿಯೇ ಎದ್ದು ನಿಂತಿತು. 680 ಅಡಿಗೆ ಧೂಳು ಬಂತು. ರಿಗ್ಗು ಹೊರಟುಹೋದ ಮೇಲೆ, ಮೈಯೆಲ್ಲ ಬೂದಿ ಬಳಿದ ಸನ್ಯಾಸಿಯಂತೆ ನಿಂತಿದ್ದ ನನ್ನ ಹತ್ತಿರ ಬಂದು ಅವಳು ಹೇಳಿದ್ದು: "ನಲವತ್ತು ಅಡಿ ದುಡ್ಡು ಉಳಿಸಿದ್ಲಲ್ಲ ಅಮ್ಮ!"

ಇಂಥ ಭಕ್ತಿಯ ಜೊತೆ ವಾದ ಮಾಡುವುದು ಹೇಗೆ?

ಈಗ ಅಟ್ಟದ ವಿಷಯಕ್ಕೆ ಬರುತ್ತೇನೆ. ಹೊರಗಿನವರಿಗೆ ತೆಂಗು ಅಂದರೆ ಎಳನೀರು, ಚಟ್ನಿ. ನಮಗೆ ತೆಂಗು ಅಂದರೆ ಕೊಬ್ಬರಿ, ಅದೂ ಇಡೀ ಉಂಡೆ ಕೊಬ್ಬರಿ, ಗಿಟಕು. ಕರಾವಳಿಯಂತೆ ಕಾಯಿ ಹೋಳು ಮಾಡಿ ಬಿಸಿಲಿಗೆ ಹರಡುವ ಅವಸರ ನಮ್ಮಲ್ಲಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು, ಒಂದೊಂದು ಸಲ ವರ್ಷವೇ, ಅದು ತನ್ನಷ್ಟಕ್ಕೆ ತಾನು ಕೂತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಲು ಚಳಚಳ ಅನ್ನುತ್ತಿದ್ದದ್ದು ಈಗ ಲೊಟಲೊಟ ಅನ್ನುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಗಿಟಕಿಗೆ ಏಟು ಬೀಳದ ಹಾಗೆ ತೆಗೆದು, ಚೀಲ ತುಂಬಿ ತಿಪಟೂರು ಮಾರುಕಟ್ಟೆಗೆ. ಅಲ್ಲಿಂದ ಅದು ಲಾರಿ ಹತ್ತಿ ಉತ್ತರ ಭಾರತದ ಮದುವೆ, ಪೂಜೆ, ದೀಪಾವಳಿಗೆ ಹೋಗುತ್ತದೆ. ದೆಹಲಿಯಲ್ಲಿ ಯಾರದೋ ಮಗಳ ಲಗ್ನ ಗೊತ್ತಾದರೆ ಇಲ್ಲಿ ನಮ್ಮ ಮಗಳ ಲಗ್ನ ಗೊತ್ತಾಗುತ್ತದೆ.

ಒಟ್ಟಿನಲ್ಲಿ ಅಟ್ಟವೇ ನಮ್ಮ ಬ್ಯಾಂಕು. ಬಡ್ಡಿ ಎಷ್ಟು ಅನ್ನುವುದು ಮಾತ್ರ ಅಸಲು ಕೈಗೆ ಬಂದ ಮೇಲೆ ಗೊತ್ತಾಗುತ್ತದೆ.

2022ರಲ್ಲಿ ಹಿಂದಿನ ವರ್ಷದ ಕೊಬ್ಬರಿಗೆ ಕ್ವಿಂಟಾಲಿಗೆ ಹದಿನೇಳು ಸಾವಿರದ ಹತ್ತಿರ ಕಂಡೆ. ರುಚಿ ಹತ್ತಿತು. ಗಣಿತದ ಮೇಷ್ಟ್ರ ಹತ್ತಿರ ಗ್ರಾಫ್ ಹಾಳೆ ಇಸಿದುಕೊಂಡು ಹಳೆಯ ಧಾರಣೆಗಳನ್ನೆಲ್ಲ ಚುಕ್ಕಿ ಇಟ್ಟು ಜೋಡಿಸಿದೆ. ಗೆರೆ ಮೇಲಕ್ಕೆ ಹೋಗುತ್ತಿತ್ತು. ಸ್ಕೇಲ್ ಇಟ್ಟು ಮುಂದಕ್ಕೆ ಎಳೆದೆ. 2023ಕ್ಕೆ ಇಪ್ಪತ್ತು ಸಾವಿರ. ಹಾಳೆ ಅಲ್ಲಿಗೆ ಮುಗಿಯಿತು, ಇಲ್ಲದಿದ್ದರೆ ಇನ್ನೂ ಎಳೆಯುತ್ತಿದ್ದೆ. ಹಸಿ ಕಾಯಿ ಕೇಳಿಕೊಂಡು ಬಂದವನನ್ನು ಬಾಗಿಲಿಂದಲೇ ಕಳಿಸಿ, ಆ ವರ್ಷದ ಒಂಬತ್ತು ಸಾವಿರ ಕಾಯನ್ನೂ ಅಟ್ಟಕ್ಕೆ ತುಂಬಿದೆ. ಲೆಕ್ಕ ಹಾಕಿದರೆ ಹನ್ನೆರಡು ಕ್ವಿಂಟಾಲ್ ಕೊಬ್ಬರಿ. ಹನ್ನೆರಡು ಇಂಟು ಇಪ್ಪತ್ತು ಸಾವಿರ. ಆ ಗುಣಾಕಾರವನ್ನು ಗ್ರಾಫಿನ ಹಿಂದೆ ಬರೆದು ಬೀರುವಿನಲ್ಲಿಟ್ಟೆ.

2023ರಲ್ಲಿ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಬಿತ್ತು. ಆ ವರ್ಷದ ಬೆಂಬಲ ಬೆಲೆಯೇ 11,750 ಇತ್ತು, ಮಾರುಕಟ್ಟೆ ಅದರ ಕಡೆ ತಲೆ ಎತ್ತಿಯೂ ನೋಡಲಿಲ್ಲ. ರೈತರು ಬೀದಿಗಿಳಿದು ಧರಣಿ ಕೂತರು. ಮಳೆಯೂ ಕೈಕೊಟ್ಟು, ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು. ನಾನು ಗ್ರಾಫನ್ನು ತಲೆಕೆಳಗು ಮಾಡಿ ಹಿಡಿದು ನೋಡಿದೆ, ಆಗ ಸರಿ ಕಾಣುತ್ತಿತ್ತು.

"ದಸರಿಘಟ್ಟದಮ್ಮನ್ನಾದ್ರೂ ಒಂದು ಮಾತು ಕೇಳೋಣ ಬರ್ರಿ" ಅಂದಳು ನಮ್ಮನೆಯಾಕೆ.

ತಿಪಟೂರಿನ ಪಕ್ಕದ ದಸರಿಘಟ್ಟದ ಚೌಡೇಶ್ವರಿಯನ್ನು ನಮ್ಮ ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ತಾಯಿ ಬರೆಯುತ್ತಾಳೆ. ಕೇಳಬೇಕಾದ್ದನ್ನು ಕೇಳಿಕೊಂಡು ನಿಂತರೆ, ಹೊತ್ತವರ ಕೈಯಲ್ಲಿನ ಉತ್ಸವ ಮೂರ್ತಿ ಬಾಗಿ, ಮುಂದೆ ಹರಡಿದ ಪುಡಿಯ ಮೇಲೆ ಅಕ್ಷರ ಮೂಡಿಸುತ್ತದೆ. ಮಕ್ಕಳಾಗದವರು, ಮೊಕದ್ದಮೆಯವರು, ಟಿಕೆಟ್ ಸಿಗುತ್ತದೋ ಇಲ್ಲವೋ ಎಂಬ ರಾಜಕಾರಣಿಗಳು, ಎಲ್ಲರೂ ಆ ಸಾಲಿನಲ್ಲಿ ನಿಂತವರೇ. ನನಗೆ ಅಲ್ಲಿಗೆ ಹೋಗಲು ಮುಜುಗರ ಇದ್ದದ್ದು ನಿಜ, ಆದರೆ ಒಳಗೊಳಗೇ ಒಂದು ಸಮಾಧಾನವೂ ಇತ್ತು. ಬೇರೆ ದೇವರು ಕನಸಿನಲ್ಲಿ ಬರುತ್ತವೆ, ಹೂವು ಉದುರಿಸುತ್ತವೆ. ಇದು ಬರವಣಿಗೆಯಲ್ಲಿ ಕೊಡುತ್ತದೆ. ಬೀರುವಿನವನಿಗೆ ಇದಕ್ಕಿಂತ ಒಗ್ಗುವ ದೇವರು ಯಾವುದು?

ಸಾಲಿನಲ್ಲಿ ನಿಂತೇ ಮನಸ್ಸಿನಲ್ಲಿ ಪ್ರಶ್ನೆ ಪತ್ರಿಕೆ ತಯಾರಿಸಿದೆ. ಈಗಲೇ ಮಾರಲೋ, ಇಟ್ಟುಕೊಳ್ಳಲೋ? ಇಟ್ಟುಕೊಂಡರೆ ಯಾವ ತಿಂಗಳವರೆಗೆ? ಅಷ್ಟರಲ್ಲಿ ಬೆಂಬಲ ಬೆಲೆ ಏರುವುದೇ? ಅ, ಆ, ಇ ಅಂತ ಉಪಪ್ರಶ್ನೆಗಳು. ನಮ್ಮ ಸರದಿ ಬಂತು. ಮೂರ್ತಿ ಬಾಗಿತು. ಎರಡು ಅಕ್ಷರ ಮೂಡಿತು.

ಕಾಯಿ.

ಅಷ್ಟೇ. ನಾನು ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡುವಷ್ಟರಲ್ಲಿ ಪುಡಿ ಸಮ ಮಾಡಿ ಆಗಿತ್ತು. ಹಿಂದಿನವರು ಮುಂದೆ ತಳ್ಳಿದರು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗಲೇ ವ್ಯಾಖ್ಯಾನ ಶುರುವಾಯಿತು. "ಇನ್ನೇನ್ರಿ, ಕಾಯಿ ಅಂತ ಬರೆದವ್ಳೆ. ಕೊಬ್ಬರಿ ಗೊಡವೆ ಬಿಟ್ಟು ಕಾಯಿ ಲೆಕ್ಕದಲ್ಲಿ ಮಾರಿ ಕೈತೊಳ್ಕಳಿ ಅಂತ" ಅಂದಳು ಇವಳು. ನಾನು ನಕ್ಕೆ. ಪಾಪ, ವ್ಯಾಕರಣ ಓದಿದವಳಲ್ಲ. "ಅದು ನಾಮಪದ ಅಲ್ಲ ಕಣೇ, ಕ್ರಿಯಾಪದ. ಕಾಯು ಧಾತು, ವಿಧ್ಯರ್ಥ, ಮಧ್ಯಮ ಪುರುಷ ಏಕವಚನ. ಕಾಯಿ ಅಂದರೆ ರಕ್ಷಿಸು. ಅಟ್ಟ ಕಾಯಿ ಅಂತ ನನಗೆ ಆಜ್ಞೆ." ಕಾಯು ಧಾತುವಿಗೆ ನಿರೀಕ್ಷಿಸು ಅನ್ನುವ ಅರ್ಥವೂ ಇದೆ ಅಂತ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬಿಸಿಯಾಗು ಅನ್ನುವ ಅರ್ಥವೂ ಇದೆ. ಅದು ನಮ್ಮನೆಯಾಕೆಗೆ ಆಗಲೇ ಆಗುತ್ತಿತ್ತು. ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಮುದುಕರೊಬ್ಬರು ಕೇಳದೆಯೇ ಹೇಳಿದರು: "ಬರಿಗೈಲಿ ಬಂದಿದೀರ, ಒಂದು ಕಾಯಿ ಒಡ್ಸಿ ಹೋಗ್ರಿ ಅಂತ ಇರಬೌದು ಸ್ವಾಮಿ."

ಅವರ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಕ್ಷಣೆ ಅಂದ ಮೇಲೆ ಅರೆಬರೆ ಮಾಡುವವನು ನಾನಲ್ಲ. ಅಟ್ಟದ ಬಾಗಿಲಿಗೆ ಎರಡು ಬೀಗ, ಕಿಟಕಿಗೆ ಕಬ್ಬಿಣದ ಜಾಲರಿ, ಮೂಲೆಗೊಂದು ಕ್ಯಾಮೆರಾ. ಕತ್ತಲಲ್ಲೂ ಕಾಣುವಂಥದ್ದು, ಏನಾದರೂ ಅಲುಗಾಡಿದರೆ ಫೋನು ಬಡಿದುಕೊಳ್ಳುವಂಥದ್ದು. ಬೆಂಗಳೂರಿನಲ್ಲಿರುವ ಮಗನ ಫೋನಿಗೂ ಅದನ್ನು ಜೋಡಿಸಿಕೊಟ್ಟು ಹೋದರು. ಎಂಟು ಸಾವಿರದ ಲೆಕ್ಕದಲ್ಲಿ ಒಂದೂಮುಕ್ಕಾಲು ಕ್ವಿಂಟಾಲ್ ಕೊಬ್ಬರಿಯ ಬೆಲೆ ಅದಕ್ಕೇ ಆಯಿತು. ಕೊಬ್ಬರಿ ಕಾಯಲು ಕೊಬ್ಬರಿಯನ್ನೇ ಖರ್ಚು ಮಾಡುತ್ತಿದ್ದೇನೆ ಅನ್ನುವುದು ಹೊಳೆದರೂ, ತಾಯಿಯ ಆಜ್ಞೆ ಅಂತ ಸುಮ್ಮನಾದೆ. ದೇವರ ಮಾತು ನಮ್ಮ ಹಟಕ್ಕೆ ಸರಿಹೊಂದಿದಾಗ ಭಕ್ತಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಡಿಸೆಂಬರಿನ ಒಂದು ರಾತ್ರಿ, ಎರಡು ಗಂಟೆ ಹೊತ್ತು. ದಿಂಬಿನ ಕೆಳಗೆ ಫೋನು ಬಡಿದುಕೊಂಡಿತು. ನೋಡಿದರೆ ಪರದೆಯ ಮೇಲೆ ಕಾಯಿ ರಾಶಿಯ ಹಿಂದೆ ಎರಡು ಕಣ್ಣು, ಬೆಳ್ಳಗೆ ಉರಿಯುತ್ತಿವೆ. ಇವಳನ್ನು ಎಬ್ಬಿಸಿದೆ. "ಹೆಗ್ಗಣ ಇರಬೇಕು, ಮಲ್ಕಳಿ" ಅಂತ ಮಗ್ಗುಲು ಬದಲಿಸಿದಳು. ಹೆಗ್ಗಣಕ್ಕೆ ಇಷ್ಟು ದೊಡ್ಡ ಕಣ್ಣೇ? ಟಾರ್ಚು ತೆಗೆದುಕೊಂಡೆ, ಪಂಚೆ ಎತ್ತಿಕಟ್ಟಿದೆ, ಏಣಿ ಹತ್ತಿದೆ. ಎರಡು ಬೀಗ ತೆಗೆಯುವಷ್ಟರಲ್ಲಿ ಕಳ್ಳನಿಗೆ ಬೇಜಾರಾಗಿ ಹೋಗಬಹುದಿತ್ತು.

ಒಳಗೆ ಕಾಲಿಟ್ಟೆ. ರಾಶಿಯ ಬುಡದ ಕಾಯೊಂದರ ಮೇಲೆ ಕಾಲಿಟ್ಟೆ ಅಂತ ಹೇಳಬೇಕು. ಆ ಕಾಯಿ ಉರುಳಿತು. ಅದರ ಮೇಲೆ ಕೂತಿದ್ದದ್ದು ಉರುಳಿತು. ಒಂಬತ್ತು ಸಾವಿರ ಕಾಯಿ ಒಂದಕ್ಕೊಂದು ಸುದ್ದಿ ಮುಟ್ಟಿಸಿಕೊಂಡು ಹೊರಟರೆ ಯಾವ ಸದ್ದು ಬರುತ್ತದೆ ಅಂತ ನೀವು ಕೇಳಿರಲಾರಿರಿ. ಬಂಡೆ ಸಿಡಿಸಿದ ಹಾಗಿರುತ್ತದೆ, ನಿಲ್ಲುವುದು ಮಾತ್ರ ಇಲ್ಲ. ನಾನು ಆ ಪ್ರವಾಹದಲ್ಲಿ ಸೊಂಟದವರೆಗೆ ಮುಳುಗಿ, ಬಾಗಿಲಿನಿಂದ ತೇಲಿ, ಏಣಿಯ ಪಕ್ಕದಲ್ಲಿ ಇಳಿದೆ. ಹೆಗ್ಗಣ ನನ್ನ ಹೆಗಲ ಮೇಲಿಂದ ಹಾರಿ ಹೋಯಿತು. ಹೆಗ್ಗಣವೇ.

ಸದ್ದಿಗೆ ಬೀದಿಯೇ ಎದ್ದು ಬಂತು. "ಕಳ್ಳ! ಹಿಡ್ಕಳ್ರೋ!" ಕತ್ತಲಲ್ಲಿ ಕಾಯಿ ರಾಶಿಯೊಳಗೆ ನರಳುತ್ತಿದ್ದವನ ಬೆನ್ನಿಗೆ ಯಾರೋ ಎಡೆಮಟ್ಟೆಯಲ್ಲಿ ಬಾರಿಸಿದರು. ಟಾರ್ಚು ಬಿಟ್ಟರೆ, ನನ್ನ ಹಳೇ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ಮೂರು ಸಲ ಕನ್ನಡದಲ್ಲೇ ಹೋದವನು. "ಅಯ್ಯೋ, ಸಾರ್, ನೀವಾ?" ಅಂದ. ಒಟ್ಟು ಬಿದ್ದದ್ದು ಎರಡು ಏಟು. ಎರಡನೆಯದು ಗುರುತು ಸಿಕ್ಕ ಮೇಲೆ ಬಿದ್ದದ್ದು ಅಂತ ನನಗೆ ಇವತ್ತಿಗೂ ಗುಮಾನಿ.

ಬೆಳಗಾಗುವಷ್ಟರಲ್ಲಿ ಇದೆಲ್ಲ ಮಗನ ಫೋನಿನಿಂದ ನೆಂಟರ ಗುಂಪಿಗೆ ಹೋಗಿತ್ತು. ಕ್ಯಾಮೆರಾ ಹಾಕಿದ ಮೂರು ತಿಂಗಳಲ್ಲಿ ಅದರೊಳಗೆ ಸಿಕ್ಕಿಬಿದ್ದವನು ನಾನೊಬ್ಬನೇ. ಬೀರುವಿನಿಂದ ವಿಮೆ ಪಾಲಿಸಿ ತೆಗೆಸಿ ಓದಿದೆ. ಎಡಗಾಲಿನ ಹರಡು ಮುರಿದದ್ದಕ್ಕೆ ಅದರಲ್ಲಿ ಏನೂ ಬರುತ್ತಿರಲಿಲ್ಲ. ಸತ್ತಿದ್ದರೆ ಒಳ್ಳೆಯ ಮೊತ್ತವೇ ಇತ್ತು.

ಕಾಲಿಗೆ ಸಿಮೆಂಟಿನ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗಲೇ 2024 ಬಂತು. ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯ ಸರ್ಕಾರದ್ದು 1,500. ಹೆಸರು ನೋಂದಾಯಿಸಬೇಕು, ಹೆಬ್ಬೆರಳು ಒತ್ತಬೇಕು. ಮಗ ಕಾರಿನಲ್ಲಿ ಕೂರಿಸಿಕೊಂಡು ಹೋದ. ಮುರಿದ ಕಾಲು ನೋಡಿ ಜನ ಸಾಲಿನಲ್ಲಿ ಮುಂದೆ ಬಿಟ್ಟರು. ಇಡೀ ಪ್ರಕರಣದಲ್ಲಿ ಆ ಕಾಲಿನಿಂದ ಆದ ಲಾಭ ಅದೊಂದೇ. ಯಂತ್ರದ ಮುಂದೆ ಕೂತು ಹೆಬ್ಬೆರಳು ಒತ್ತಿದೆ. ಗುರುತು ಸಿಗಲಿಲ್ಲ. ಒರೆಸಿ ಒತ್ತಿದೆ, ಎಂಜಲು ಹಚ್ಚಿ ಒತ್ತಿದೆ. ಮೂವತ್ತೆರಡು ವರ್ಷ ಸೀಮೆಸುಣ್ಣ ಹಿಡಿದು ನನ್ನ ಗೆರೆಗಳೆಲ್ಲ ಕಪ್ಪು ಹಲಗೆಯ ಮೇಲೆ ಉಳಿದಿದ್ದವು. ಕೊನೆಗೆ ಕಿರುಬೆರಳು ನಾನೇ ಅಂತ ಒಪ್ಪಿಕೊಂಡಿತು. ಆಮೇಲೆ ಆ ನೋಂದಣಿಯೇ ರದ್ದಾಗಿ, ಮಾರ್ಚಿನಲ್ಲಿ ಇನ್ನೊಂದು ಸಲ ಮಾಡಿಸಬೇಕಾಯಿತು. ಆಗ ಊರುಗೋಲಿನಲ್ಲಿ ಹೋಗಿದ್ದೆ, ಯಾರೂ ಮುಂದೆ ಬಿಡಲಿಲ್ಲ.

ಅಂತೂ ಕೊಬ್ಬರಿ ಕೊಟ್ಟೆ. ಹನ್ನೆರಡು ಕ್ವಿಂಟಾಲ್ ಅಂದುಕೊಂಡದ್ದು ಹೆಗ್ಗಣದ ಪಾಲು, ಉರುಳಿ ಒಡೆದ ಪಾಲು, ಕಪ್ಪಾದ ಪಾಲು ಕಳೆದು ಹತ್ತಕ್ಕೆ ನಿಂತಿತು. ಸಾಕಪ್ಪ ಈ ಅಟ್ಟದ ಸಹವಾಸ ಅಂತ ಅವತ್ತೇ ತೀರ್ಮಾನಿಸಿ, ಮದ್ದೂರಿನ ಮಾರುಕಟ್ಟೆಗೆ ಎಳನೀರು ಸಾಗಿಸುವವನಿಗೆ ತೋಟವನ್ನೇ ಬರೆದುಕೊಟ್ಟೆ. ಒಂದಕ್ಕೆ ಹದಿನಾರು ರೂಪಾಯಿ, ಛಾಪಾ ಕಾಗದದ ಮೇಲೆ ಕರಾರು. ಗೊನೆ ಬಲಿಯುವ ಮುಂಚೆಯೇ ದುಡ್ಡು. ಇನ್ನು ಅಟ್ಟವಿಲ್ಲ, ಹೆಗ್ಗಣವಿಲ್ಲ, ಧಾರಣೆಯ ಚಿಂತೆಯಿಲ್ಲ. ಕರಾರನ್ನು ಬೀರುವಿನಲ್ಲಿಟ್ಟು ಎರಡು ಸಲ ಬೀಗ ಎಳೆದು ನೋಡಿದೆ.

ನನ್ನ ಹಾಗೆಯೇ ಎಷ್ಟೋ ಜನ ಆ ವರ್ಷ ಗೊನೆಯನ್ನು ಎಳೆಯದರಲ್ಲೇ ಇಳಿಸಿಬಿಟ್ಟಿದ್ದರು. ಬರದ ಏಟಿಗೆ ಮರಗಳು ಹರಳು ಉದುರಿಸಿದ್ದವು, ಬಿಳಿ ನೊಣದ ಕಾಟ ಬೇರೆ. ಅಟ್ಟಗಳು ಖಾಲಿ. 2025ರಲ್ಲಿ ಕೊಬ್ಬರಿ ಎದ್ದಿತು. ಹದಿನೈದು ದಾಟಿತು, ಇಪ್ಪತ್ತು ದಾಟಿತು, ಇಪ್ಪತ್ತೈದು ಸಾವಿರವನ್ನೂ ದಾಟಿತು. ನನ್ನ ಗ್ರಾಫ್ ಹಾಳೆ ಮುಗಿದ ಮೇಲೂ ಎಳೆದಿದ್ದರೆ ಗೆರೆ ಅಲ್ಲಿಗೇ ಮುಟ್ಟುತ್ತಿತ್ತು.

ಪೇಪರಿನಲ್ಲಿ ಧಾರಣೆ ಓದುತ್ತಾ ಕೂತವನಿಗೆ ಆವತ್ತು ಹೊಳೆಯಿತು ಕಾಯು ಧಾತುವಿನ ಇನ್ನೊಂದು ಅರ್ಥ. ನಿರೀಕ್ಷಿಸು. ಕಾಯಿ, ಸ್ವಲ್ಪ ತಾಳು, ಅಟ್ಟದ ವಾಡಿಕೆ ಬಿಡಬೇಡ. ನಾನು ಕಾದೆ, ಆದರೆ ಕಾಯಲಿಲ್ಲ. ಈ ವಾಕ್ಯವನ್ನು ಮಕ್ಕಳಿಗೆ ನಾನಾರ್ಥಕ್ಕೆ ಉದಾಹರಣೆಯಾಗಿ ಕೊಡಬಹುದಿತ್ತು, ಆದರೆ ನಿವೃತ್ತನಾಗಿಬಿಟ್ಟಿದ್ದೇನೆ.

ಅದೇ ವಾರ ನಮ್ಮನೆಯಾಕೆ ಕೊಟ್ಟಿಗೆಯ ಮೇಲಿನ ಸಣ್ಣ ಅಟ್ಟದಿಂದ ಕಾಯಿ ಇಳಿಸಿದಳು. ಹಿತ್ತಿಲಿನ ಮೂರು ಮರ ಅಮ್ಮನ ಮರ ಅಂತ ಅವಳ ಅತ್ತೆಯ ಕಾಲದಿಂದ ಬಿಟ್ಟಿದ್ದು. ನನ್ನ ಕರಾರಿಗೂ ಅವು ಸೇರಿರಲಿಲ್ಲ. ಇನ್ನೂರು ಚಿಲ್ಲರೆ ಕಾಯಿ. ಒಡೆಸಿದರೆ ಒಂದೊಂದೂ ಬಂಗಾರದ ಬಣ್ಣದ ಗಿಟಕು, ಮೂವತ್ತು ಕೆ.ಜಿ. ಮೇಲೆ ತೂಗಿತು.

"ಬೆಲೆ ಬರುತ್ತೆ ಅಂತ ಗೊತ್ತಿತ್ತೇನೇ?"

"ಯಾವ ಬೆಲೆ? ಹಾಕಿದ್ದು ಮರೆತೇಬಿಟ್ಟಿದ್ದೆ ಕಣ್ರಿ. ಬೆಕ್ಕು ಮರಿ ಹಾಕೈತೆ ಅಂತ ನೋಡೋಕೆ ಹತ್ತಿದೆ, ಕಾಯಿ ಕಂಡ್ವು."

ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ನಂಬಿಕೆಯಿಂದ ಇಟ್ಟಿದ್ದಳು ಅಂದರೆ ಸಹಿಸಿಕೊಳ್ಳಬಹುದಿತ್ತು. ಮರೆತಿದ್ದಳಂತೆ! ಎರಡು ಬೀಗ, ಒಂದು ಕ್ಯಾಮೆರಾ, ಒಂದು ಛಾಪಾ ಕಾಗದ, ಒಂದು ಕಾಲು ಇಷ್ಟನ್ನೂ ಹಾಕಿ ನಾನು ಕಾದದ್ದು ಹೋಯಿತು. ಬೆಕ್ಕಿನ ಕಾವಲಿನಲ್ಲಿ ಇವಳು ಮರೆತದ್ದು ಉಳಿಯಿತು. ಬಂದ ದುಡ್ಡನ್ನು ಅವಳು ಅರಿಶಿನ ಬಟ್ಟೆಗೆ ಕಟ್ಟಿದಳು. ಆ ಸಲದ ನನ್ನ ವಿಮೆಯ ಕಂತು ಕಟ್ಟಿದ್ದು ಆ ಗಂಟಿನಿಂದ, ಸಾಲವಾಗಿ. ಬಡ್ಡಿ ಬೇಡ ಅಂದಳು, ಬಾಯಿ ಮಾತಿನ ಮೇಲೇ ಕೊಟ್ಟಳು.

ಮುಡಿಪು ಒಪ್ಪಿಸಲು ದಸರಿಘಟ್ಟಕ್ಕೆ ಹೊರಟೆವು. "ಈ ಸಲ ಏನೂ ಕೇಳಬೇಡಿ, ಸುಮ್ನೆ ಕೈ ಮುಗ್ದು ಬನ್ನಿ" ಅಂತ ದಾರಿಯುದ್ದಕ್ಕೂ ಪಾಠ. ಮುಂದಿನ ವರ್ಷದ್ದು ಒಂದೇ ಒಂದು ಪ್ರಶ್ನೆ ಜೇಬಿನಲ್ಲಿ ಬರೆದಿಟ್ಟುಕೊಂಡಿದ್ದೆ, ಅವಳಿಗೆ ಹೇಳಲಿಲ್ಲ. ಬಸ್ಸಿಳಿದ ಮೇಲೆ ಅವಳು ತಟ್ಟನೆ ನಿಂತಳು.

"ಕಾಯಿ?"

ಅಮ್ಮನ ಮರದ್ದೆಲ್ಲ ಕೊಬ್ಬರಿಯಾಗಿ ಹೋಗಿತ್ತು. ಹೊಸದು ಕೀಳಿಸೋಣ ಅಂದರೆ ಮರ ಹತ್ತುವವನು ಮುಂದಿನ ವಾರ ಅಂದಿದ್ದ. ತೋಟದ್ದೆಲ್ಲ ಎಳನೀರಾಗಿ ಯಾವುದೋ ಊರಿನ ಫುಟ್‌ಪಾತಿನಲ್ಲಿತ್ತು. ದೇವಸ್ಥಾನದ ಮುಂದಿನ ಅಂಗಡಿಗೆ ಹೋದೆ. ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಇನ್ನೊಂದು ಎತ್ತಿದೆ.

"ಐವತ್ತೈದು" ಅಂದಳು ಅಂಗಡಿಯ ಹೆಂಗಸು. ನನ್ನ ಜೀವಮಾನದಲ್ಲಿ ದುಡ್ಡು ಕೊಟ್ಟು ಕಾಯಿ ಕೊಂಡದ್ದು ಅದೇ ಮೊದಲು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ಕಾಯಿ ನೋಡೋ ಪಟ್ಟು ನೋಡಿದ್ರೆ ಈ ಕಡೆಯೋರೇ ಇದ್ದಂಗಿದೀರಲ್ಲ ಸ್ವಾಮಿ. ಯಾವೂರು?"

"ಬೆಂಗಳೂರು" ಅಂದೆ.

ನಮ್ಮನೆಯಾಕೆ ಸೆರಗಿನಿಂದ ಚಿಲ್ಲರೆ ಬಿಚ್ಚಿ ಕೊಟ್ಟಳು. ಮೆಟ್ಟಿಲು ಹತ್ತುವಾಗ ಮೆಲ್ಲಗೆ ಅಂದಳು: "ಒಳಗೂ ಹಂಗೇ ಹೇಳ್ಬಿಟ್ಟೀರ. ಪಾಪ, ಅಮ್ಮ ಬೆಂಗಳೂರೆಲ್ಲ ಹುಡುಕ್ತಾಳೆ."